ಹಗುರ ಪಿಸ್ತೂಲಿನ ಭಾರ

ಟೆಕ್ಸಸ್‌ನ ಬಂದೂಕಿನ ಅಂಗಡಿಯೊಂದರಲ್ಲಿ ಗಿರಾಕಿಯ ಮುಂದೆ ಮೂರು ಪಿಸ್ತೂಲು ಸಾಲಾಗಿ ಇಟ್ಟಿದ್ದಾರೆ ಎಂದುಕೊಳ್ಳೋಣ. ಮೊದಲನೆಯದು ಆಸ್ಟ್ರಿಯಾ ಮೂಲದ ಗ್ಲಾಕ್ 19. ಖಾಲಿ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಸೇರಿ ಅದರ ತೂಕ 670 ಗ್ರಾಂ. ಎರಡನೆಯದು ಸಿಗ್ ಸೌವರ್ ಕಂಪನಿಯ ಪಿ365, ಸುಮಾರು 500 ಗ್ರಾಂ. ಮೂರನೆಯದು ರೂಗರ್ ಎಲ್‌ಸಿಪಿ, 270 ಗ್ರಾಂ ಆಸುಪಾಸು; ಅಂಗೈಯಲ್ಲೇ ಬಹುಪಾಲು ಮುಚ್ಚಿಹೋಗುತ್ತದೆ. ಅಂಗಿಯ ಕೆಳಗೆ ಯಾರಿಗೂ ಕಾಣದಂತೆ ದಿನವಿಡೀ ಇಟ್ಟುಕೊಳ್ಳಲು ಒಂದು ಬೇಕು ಎಂದು ಬಂದವರ ಕೈ ತಾನಾಗಿ ಮೂರನೆಯದರ ಕಡೆಗೆ ಹೋಗುತ್ತದೆ. ಹಗುರ, ಚಿಕ್ಕದು, ಬೆಲೆಯೂ ಕಡಿಮೆ. ಆದರೆ ಗುರಿ ಅಭ್ಯಾಸ ಮಾಡಿಸುವ ಅನುಭವಿಗಳು ಹೊಸಬರಿಗೆ ಅತಿ ಚಿಕ್ಕ ಪಿಸ್ತೂಲು ಬೇಡವೆಂದೇ ಸಾಮಾನ್ಯವಾಗಿ ಹೇಳುತ್ತಾರೆ.

ಅವರ ಮಾತಿಗೆ ಭೌತಶಾಸ್ತ್ರದ ಬೆಂಬಲವಿದೆ. ಪಿಸ್ತೂಲಿನಿಂದ ಕತ್ತರಿಸಿ ತೆಗೆದ ಗ್ರಾಂ, ಮಿಲಿಮೀಟರ್ ಯಾವುದೂ ಮಾಯವಾಗುವುದಿಲ್ಲ. ಒಂದಿಷ್ಟು ಮಣಿಕಟ್ಟಿಗೆ, ಒಂದಿಷ್ಟು ಸ್ಪ್ರಿಂಗಿಗೆ, ಒಂದಿಷ್ಟು ಗುರಿಯ ತಪ್ಪಿಗೆ ಅದರ ಬಾಕಿ ವರ್ಗವಾಗುತ್ತದೆ. ಯಾವ ಪಿಸ್ತೂಲು ಆರಿಸಬೇಕು ಎಂದರೆ ಯಾವ ಬಾಕಿಯನ್ನು ಯಾರು ತೀರಿಸಬೇಕು ಎಂದು ತೀರ್ಮಾನಿಸಿದ ಹಾಗೆ.

ಅಮೆರಿಕದಲ್ಲಿ ಇದು ಬೆರಳೆಣಿಕೆಯ ಜನರ ಪ್ರಶ್ನೆಯಲ್ಲ. ಅರ್ಹತೆ ಇರುವವರಿಗೆಲ್ಲ ಪಿಸ್ತೂಲು ಮರೆಮಾಡಿ ಒಯ್ಯುವ ಪರವಾನಗಿ ಕೊಡಲೇಬೇಕೆಂಬ ಕಾನೂನನ್ನು ಫ್ಲಾರಿಡಾ 1987ರಲ್ಲಿ ತಂದ ಮೇಲೆ ಹಲವು ರಾಜ್ಯಗಳು ಅದೇ ಹಾದಿ ಹಿಡಿದವು. ಮರೆಮಾಡಿ ಒಯ್ಯುವುದನ್ನು ಪೂರ್ತಿ ನಿಷೇಧಿಸಿದ್ದ ಕೊನೆಯ ರಾಜ್ಯ ಇಲಿನಾಯ್ ಕೂಡ 2013ರಲ್ಲಿ ಬಾಗಿಲು ತೆರೆಯಿತು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಬಹುಪಾಲು ವಯಸ್ಕರಿಗೆ ಪರವಾನಗಿಯೇ ಬೇಕಿಲ್ಲ. ಆತ್ಮರಕ್ಷಣೆಗೆಂದು ಮನೆಯ ಹೊರಗೂ ಕೈಬಂದೂಕು ಒಯ್ಯುವುದು ಸಂವಿಧಾನದತ್ತ ಹಕ್ಕು ಎಂದು 2022ರ ಜೂನ್‌ನಲ್ಲಿ, ಬ್ರೂಯೆನ್ ಪ್ರಕರಣದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಹೀಗೆ ಬೆಳೆದ ಮಾರುಕಟ್ಟೆಗಾಗಿ ಎಂಜಿನಿಯರುಗಳು ನಾಲ್ಕು ದಶಕ ಪಿಸ್ತೂಲನ್ನು ಕುಗ್ಗಿಸುತ್ತಲೇ ಬಂದಿದ್ದಾರೆ.

ಒದೆತದ ಲೆಕ್ಕ

ನಮ್ಮ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಪಿಸ್ತೂಲಿನದೇ ಒಂದು ಲೆಕ್ಕವಿದೆ. 2 ಕಿಲೋ ತೂಕದ ಪಿಸ್ತೂಲಿನಿಂದ 20 ಗ್ರಾಂ ಗುಂಡು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಪಿಸ್ತೂಲು ಎಷ್ಟು ವೇಗವಾಗಿ ಹಿಂದೆ ಸರಿಯುತ್ತದೆ? ಸಂವೇಗ ಸಂರಕ್ಷಣೆಯ ನಿಯಮ ಹಾಕಿದರೆ ಸೆಕೆಂಡಿಗೆ 1.5 ಮೀಟರ್ ಎಂದು ಉತ್ತರ ಬರುತ್ತದೆ. ಅಂಕ ಸಿಗುತ್ತದೆ ನಿಜ, ಆದರೆ 2 ಕಿಲೋ ತೂಕದ ಪಿಸ್ತೂಲನ್ನು ಯಾರೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಿಲ್ಲ.

ಅದೇ ಸೂತ್ರವನ್ನು ಅಂಗಡಿಯ ಮೂರು ಪಿಸ್ತೂಲುಗಳಿಗೆ ಹಚ್ಚೋಣ. ಗ್ಲಾಕ್ 19ರಲ್ಲಿ 15 ತೋಟಾ ತುಂಬಿದರೆ ತೂಕ ಸುಮಾರು 855 ಗ್ರಾಂ. ಅದರ 9 ಮಿ.ಮೀ. ಗುಂಡಿನ ತೂಕ 8 ಗ್ರಾಂ, ವೇಗ ಸೆಕೆಂಡಿಗೆ 350 ಮೀಟರ್ ಎಂದಿಟ್ಟುಕೊಳ್ಳಿ. ಗುಂಡಿನ ಬೆನ್ನಿಗೇ ನುಗ್ಗುವ ಮದ್ದಿನ ಅನಿಲದ ಪಾಲೂ ಸೇರಿದರೆ ಪಿಸ್ತೂಲು ಸೆಕೆಂಡಿಗೆ ಸುಮಾರು 3.5 ಮೀಟರ್ ವೇಗದಲ್ಲಿ ಕೈಯನ್ನು ಒದೆಯುತ್ತದೆ. ತುಂಬಿದ ಪಿ365 ಸುಮಾರು 630 ಗ್ರಾಂ. ನಳಿಗೆ ಗಿಡ್ಡವಾದ್ದರಿಂದ ಗುಂಡಿನ ವೇಗ ತುಸು ತಗ್ಗುತ್ತದೆ, ಆದರೂ ಒದೆತದ ವೇಗ 4.5 ಮೀಟರಿಗೆ ಏರುತ್ತದೆ. ಎಲ್‌ಸಿಪಿ ಬಳಸುವುದು .380 ಎಂಬ ದುರ್ಬಲ ತೋಟಾ. ಗುಂಡು ಆರು ಗ್ರಾಂ ಚಿಲ್ಲರೆ, ವೇಗ 260 ಮೀಟರ್ ಆಸುಪಾಸು. ಸಂವೇಗ ಗ್ಲಾಕಿನ ಅರ್ಧದಷ್ಟೇ ಆದರೂ ಒದೆತದ ವೇಗ 5 ಮೀಟರ್ ದಾಟುತ್ತದೆ. ಹಿಡಿಯೂ ಸಪೂರ, ಹಾಗಾಗಿ ಆ ಪೆಟ್ಟು ಅಂಗೈಯ ಕಿರಿದಾದ ಜಾಗದ ಮೇಲೆ ಬೀಳುತ್ತದೆ. ಮೂರರಲ್ಲಿ ಅತಿ ಮೃದುವಾಗಿ ಕಾಣುವುದೇ ಬಳಸುವವರಿಗೆ ಅತಿ ಒರಟಾಗುತ್ತದೆ.

ಪೆಟ್ಟು ನೇರವಾಗಿ ಹಿಂದಕ್ಕೂ ಬರುವುದಿಲ್ಲ. ನಳಿಗೆ ಇರುವುದು ಕೈಗಿಂತ ಮೇಲೆ. ಆ ಎತ್ತರವೇ ಸನ್ನೆಯಾಗಿ ಪಿಸ್ತೂಲಿನ ಮೂತಿ ಮೇಲಕ್ಕೆ ಚಿಮ್ಮುತ್ತದೆ. ಉದ್ದ ಹಿಡಿಯಿದ್ದರೆ ಕಿರುಬೆರಳು ಕೆಳಗಿನಿಂದ ಅದನ್ನು ತಡೆಯುತ್ತದೆ. ಗಿಡ್ಡ ಪಿಸ್ತೂಲಿನಲ್ಲಿ ಕಿರುಬೆರಳಿಗೆ ಜಾಗವೇ ಇಲ್ಲ. ಮೂತಿ ಮತ್ತೆ ಗುರಿಯ ಮೇಲೆ ಕೂರಲು ಹಿಡಿಯುವ ಹೊತ್ತು ಅಷ್ಟರಮಟ್ಟಿಗೆ ಬೆಳೆಯುತ್ತದೆ.

ಬೀಗ ಹಾಕಿದ ನಳಿಗೆ

ಇಷ್ಟು ಚಿಕ್ಕ ಯಂತ್ರದೊಳಗೆ ಇಷ್ಟು ದೊಡ್ಡ ಸ್ಫೋಟವನ್ನು ಅಡಗಿಸಿದ ಯಶಸ್ಸಿನಲ್ಲಿ ದೊಡ್ಡ ಪಾಲು ಜಾನ್ ಮೋಸೆಸ್ ಬ್ರೌನಿಂಗ್ ಅವರದು. ಅವರು 1855ರಲ್ಲಿ ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡೆನ್ ಎಂಬ ಊರಿನಲ್ಲಿ, ಬಂದೂಕು ಮಾಡುವವರ ಮನೆಯಲ್ಲಿ ಹುಟ್ಟಿದರು. 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ, ಹೊಸ ಪಿಸ್ತೂಲೊಂದರ ಕೆಲಸ ಅರ್ಧದಲ್ಲಿರುವಾಗಲೇ ತೀರಿಕೊಂಡರು.

ಅವರ ಮುಂದಿದ್ದ ಸಮಸ್ಯೆ ಇದು. 9 ಮಿ.ಮೀ. ತೋಟಾ ಸಿಡಿದಾಗ ಒಳಗಿನ ಒತ್ತಡದ ಮಿತಿ 35,000 ಪಿಎಸ್‌ಐ, ಅಂದರೆ ವಾತಾವರಣದ ಒತ್ತಡದ ಸುಮಾರು 2,400 ಪಟ್ಟು. ಗುಂಡು ನಳಿಗೆಯೊಳಗಿರುವಾಗಲೇ ಹಿಂಬಾಗಿಲು ತೆರೆದುಕೊಂಡರೆ ತೋಟಾದ ಹಿತ್ತಾಳೆ ಕವಚ ಹರಿದು ಬಿಸಿ ಅನಿಲ ಮುಖಕ್ಕೆ ರಾಚುತ್ತದೆ. ತೆರೆಯದೇ ಹೋದರೆ ಖಾಲಿ ಕವಚ ಹೊರಬೀಳುವುದಿಲ್ಲ, ಮುಂದಿನ ತೋಟಾ ಒಳಬರುವುದಿಲ್ಲ. ಗುಂಡು ನಳಿಗೆ ದಾಟಲು ಬೇಕಾಗುವುದು ಅರ್ಧ ಮಿಲಿಸೆಕೆಂಡು ಮಾತ್ರ. ಅಷ್ಟು ಹೊತ್ತು ಮುಚ್ಚಿದ್ದು, ಮರುಗಳಿಗೆಯಲ್ಲಿ ತೆರೆಯುವ ಬಾಗಿಲು ಬೇಕು.

ದುರ್ಬಲ ತೋಟಾಗಳಿಗೆ ಸುಲಭದ ದಾರಿಯಿತ್ತು: ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆಮುಂದೆ ಜಾರುತ್ತ ಬಾಗಿಲಾಗಿ ನಿಲ್ಲುವ ಸ್ಲೈಡನ್ನು ಭಾರವಾಗಿಸುವುದು. ಭಾರದ ಜಡತ್ವವೇ ಬಾಗಿಲನ್ನು ಬೇಕಾದಷ್ಟು ಹೊತ್ತು ತಡೆಯುತ್ತದೆ. ಬ್ರೌನಿಂಗ್ ರೂಪಿಸಿದ, 1899ರಲ್ಲಿ ಹೊರಬಂದ .32 ಪಿಸ್ತೂಲು ಹೀಗೆಯೇ ನಡೆಯುತ್ತಿತ್ತು. 1931ರ ವಾಲ್ಥರ್ ಪಿಪಿಕೆ ಕೂಡ ಹೀಗೆಯೇ. ಅದೇ ಉಪಾಯವನ್ನು 9 ಮಿ.ಮೀ. ತೋಟಾಗೆ ಹೂಡಿದರೆ ಸ್ಲೈಡ್ ಗುಂಡುಕಲ್ಲಿನಂತಾಗಿ ಪಿಸ್ತೂಲು ಜೇಬಿನ ಮಾತಾಗಿ ಉಳಿಯುವುದಿಲ್ಲ.

ಬ್ರೌನಿಂಗ್ ಭಾರದ ಬದಲು ಬೀಗ ಹಾಕಿದರು. ನಳಿಗೆಯೂ ಸ್ಲೈಡೂ ಒಂದಕ್ಕೊಂದು ಕಚ್ಚಿಕೊಂಡು ಮೊದಲ ಕೆಲವು ಮಿಲಿಮೀಟರ್ ಜೊತೆಯಾಗಿ ಹಿಂದೆ ಸರಿಯುತ್ತವೆ. ಆಮೇಲೆ ನಳಿಗೆಯ ಹಿಂತುದಿ ಕೆಳಗೆ ಬಾಗಿ ಕಚ್ಚು ಬಿಡುತ್ತದೆ, ಸ್ಲೈಡ್ ಒಂಟಿಯಾಗಿ ಮುಂದುವರಿಯುತ್ತದೆ. ಇದು ಸುರಕ್ಷಿತ ಹೇಗೆಂದು ತಿಳಿಯಲು ತೂಕಗಳ ಅನುಪಾತ ಸಾಕು. ಸ್ಲೈಡ್ ಮತ್ತು ನಳಿಗೆ ಸೇರಿ ಗುಂಡಿನ ಐವತ್ತು ಪಟ್ಟು ತೂಗಿದರೆ, ಗುಂಡು 80 ಮಿಲಿಮೀಟರ್ ಮುಂದೆ ಹೋಗುವಷ್ಟರಲ್ಲಿ ಅವು ಹಿಂದೆ ಸರಿದಿರುವುದು ಒಂದೂವರೆ ಮಿಲಿಮೀಟರ್ ಮಾತ್ರ. ಬೀಗ ಬಿಚ್ಚುವ ಮೊದಲೇ ಗುಂಡು ಹೊರಬಿದ್ದು ಒತ್ತಡ ಇಳಿದಿರುತ್ತದೆ. ಇಂದಿನ 9 ಮಿ.ಮೀ. ಪಿಸ್ತೂಲುಗಳಲ್ಲಿ ಬಹುಪಾಲು ಈ ಉಪಾಯದ ವಂಶಸ್ಥರು. ಗ್ಲಾಕ್, ಪಿ365, ಕೊನೆಗೆ .380 ತೋಟಾದ ಆ ಪುಟ್ಟ ಎಲ್‌ಸಿಪಿಯಲ್ಲೂ ಬೀಗವಿದೆ. ಹಾಗಾಗಿಯೇ ಅದು ಉಕ್ಕಿನ ಪಿಪಿಕೆಯ ಅರ್ಧದಷ್ಟೂ ತೂಗುವುದಿಲ್ಲ.

ಬ್ರೌನಿಂಗರ .32 ತೋಟಾ ಭಾರತದಲ್ಲಿ ಇನ್ನೂ ಬಳಕೆಯಲ್ಲಿದೆ, ಕಾನೂನಿನ ಕಾರಣಕ್ಕೆ. 1959ರ ಆಯುಧ ಕಾಯ್ದೆಯಡಿ 9 ಮಿ.ಮೀ. ನಿಷೇಧಿತ ಬೋರ್. ಆತ್ಮರಕ್ಷಣೆಗೆಂದು ಪರವಾನಗಿ ಸಿಕ್ಕ ಸಾಮಾನ್ಯರು ಸಾಧಾರಣವಾಗಿ ಕೊಳ್ಳುವುದು .32 ಪಿಸ್ತೂಲು ಅಥವಾ ರಿವಾಲ್ವರ್. ಪರವಾನಗಿಯಿಂದ ವಿನಾಯಿತಿ ಪಡೆದಿರುವ ಕೊಡವರು ಮತ್ತು ಜಮ್ಮಾ ಹಿಡುವಳಿದಾರರ ವಿಚಾರ ಬೇರೆ. ಬ್ರಿಟಿಷರ ಕಾಲದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಅಮೆರಿಕದ ಗಿರಾಕಿಗೆ ಆಯ್ಕೆಯ ಗೊಂದಲವಾದರೆ, ನಮ್ಮಲ್ಲಿ ಆಯ್ಕೆಯ ಬಹುಭಾಗವನ್ನು ಕಾಯ್ದೆಯೇ ಮಾಡಿಮುಗಿಸಿರುತ್ತದೆ.

ಎರಡು ಸ್ಪ್ರಿಂಗುಗಳ ಪೈಪೋಟಿ

ಹಿಂದೆ ಹಾರಿದ ಸ್ಲೈಡನ್ನು ತಡೆದು ಮುಂದಕ್ಕೆ ಕಳಿಸುವುದು ನಳಿಗೆಯ ಕೆಳಗಿನ ಸ್ಪ್ರಿಂಗ್. ಪಿಸ್ತೂಲು ಚಿಕ್ಕದಾದರೆ ಸ್ಲೈಡ್ ಹಗುರವಾಗುತ್ತದೆ, ಅದೇ ಸಂವೇಗಕ್ಕೆ ಅದರ ವೇಗ ಹೆಚ್ಚುತ್ತದೆ. ಓಡಾಡುವ ಜಾಗ ಮಾತ್ರ ಕಡಿಮೆಯಾಗುತ್ತದೆ. ಹೆಚ್ಚು ಶಕ್ತಿಯನ್ನು ಕಡಿಮೆ ದೂರದಲ್ಲಿ ಹೀರಬೇಕಾದ್ದರಿಂದ ಸ್ಪ್ರಿಂಗ್ ಬಿಗಿಯಾಗಲೇಬೇಕು. ಗ್ಲಾಕ್ 1995ರಲ್ಲಿ ತಂದ ಗಿಡ್ಡ 26 ಮಾದರಿಯಲ್ಲಿ ಒಂದರೊಳಗೊಂದು ಎರಡು ಸ್ಪ್ರಿಂಗ್ ಇರುವುದು ಇದಕ್ಕೇ. ಬೆರಳುಗಳಲ್ಲಿ ಸಂಧಿವಾತ ಇರುವವರು, ಮಣಿಕಟ್ಟಿನ ಬಲ ಕುಗ್ಗಿದ ಹಿರಿಯರು ಚಿಕ್ಕ ಪಿಸ್ತೂಲಿನ ಸ್ಲೈಡ್ ಎಳೆಯಲಾರದೆ ಒದ್ದಾಡುತ್ತಾರೆ. ಚಿಕ್ಕದು ಹಗುರ, ಆದ್ದರಿಂದ ವಯಸ್ಸಾದವರಿಗೆ ಅನುಕೂಲ ಎಂಬ ನಂಬಿಕೆ ಅಂಗಡಿಯಲ್ಲೇ ಮುರಿದುಬೀಳುತ್ತದೆ. ಸ್ಮಿತ್ ಆ್ಯಂಡ್ ವೆಸನ್ 2018ರಲ್ಲಿ ಸುಲಭವಾಗಿ ಎಳೆಯಬಲ್ಲ ಸ್ಲೈಡಿನ ಪಿಸ್ತೂಲು ತಂದಾಗ ಅದನ್ನು .380 ತೋಟಾಗೆ ಮಾಡಿತು. ತೋಟಾದ ಬಲ ಇಳಿಸಿದರೆ ಸ್ಪ್ರಿಂಗ್ ಸಡಿಲಿಸುವುದು ಸುಲಭ.

ಎರಡನೆಯ ಸ್ಪ್ರಿಂಗ್ ಮ್ಯಾಗಜಿನ್ನಿನ ತಳದಲ್ಲಿದೆ. ಸ್ಲೈಡ್ ಹಿಂದೆ ಹೋಗಿ ಮರಳುವಷ್ಟರಲ್ಲಿ ಅದು ಮುಂದಿನ ತೋಟಾವನ್ನು ಮೇಲಕ್ಕೆ ತಳ್ಳಿ ನಿಲ್ಲಿಸಬೇಕು. ಸ್ಲೈಡ್ ವೇಗ ಹೆಚ್ಚಿ, ಅದರ ಓಟ ಗಿಡ್ಡವಾದಂತೆ ಈ ಸಮಯ ಕಿರಿದಾಗುತ್ತದೆ. ಸ್ವಲ್ಪ ಕೊಳೆ, ಒಣಗಿದ ಎಣ್ಣೆ, ದಣಿದ ಸ್ಪ್ರಿಂಗ್ ಯಾವುದಾದರೂ ಸಾಕು, ತೋಟಾ ಅಡ್ಡ ಸಿಕ್ಕಿಕೊಳ್ಳುತ್ತದೆ. ದೊಡ್ಡ ಪಿಸ್ತೂಲು ಸಹಿಸುವ ಸಣ್ಣ ಲೋಪವನ್ನು ಚಿಕ್ಕದು ಸಹಿಸುವುದಿಲ್ಲ.

ಈ ಪೈಪೋಟಿಯಲ್ಲಿ ಮೂರನೆಯ ಸ್ಪ್ರಿಂಗ್ ಒಂದಿದೆ, ಅದು ಬಳಸುವವರ ತೋಳು. ಸ್ಲೈಡ್ ಎಷ್ಟು ದೂರ ಓಡಿತು ಎಂಬುದನ್ನು ಅಳೆಯಬೇಕಾದ್ದು ಕೆಳಗಿನ ಚೌಕಟ್ಟಿಗೆ ಹೋಲಿಸಿ. ಮಣಿಕಟ್ಟು ಸಡಿಲವಾಗಿದ್ದರೆ ಚೌಕಟ್ಟೂ ಸ್ಲೈಡಿನ ಜೊತೆಗೇ ಹಿಂದೆ ಬರುತ್ತದೆ, ಇವೆರಡರ ನಡುವಿನ ಅಂತರ ಸಾಲದೆ ಖಾಲಿ ಕವಚ ಅರ್ಧಕ್ಕೇ ಸಿಕ್ಕಿಬೀಳುತ್ತದೆ. ಚೌಕಟ್ಟು ಉಕ್ಕಿನದಾಗಿದ್ದರೆ ಅದರ ಸ್ವಂತ ಜಡತ್ವ ನೆರವಿಗೆ ಬರುತ್ತಿತ್ತು. 1980ರ ದಶಕದಲ್ಲಿ ಗ್ಲಾಕ್ ಜನಪ್ರಿಯಗೊಳಿಸಿದ ಪಾಲಿಮರ್ ಚೌಕಟ್ಟು ತೂಕ ಇಳಿಸಿತು, ಅದರೊಂದಿಗೆ ಈ ಹೊಣೆಯನ್ನೂ ಕೈಗೆ ದಾಟಿಸಿತು. ಒಬ್ಬರ ಕೈಯಲ್ಲಿ ನೂರಾರು ಸಲ ಸಲೀಸಾಗಿ ನಡೆದ ಪಿಸ್ತೂಲು ಇನ್ನೊಬ್ಬರ ಕೈಯಲ್ಲಿ ಮತ್ತೆ ಮತ್ತೆ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ತೋಟಾ ಜೋಡಣೆಯ ಜ್ಯಾಮಿತಿ

9 ಮಿ.ಮೀ. ತೋಟಾದ ಬುಡದ ಅಗಲ ಸುಮಾರು 10 ಮಿ.ಮೀ. ಹತ್ತು ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದರೆ ಎತ್ತರ 100 ಮಿ.ಮೀ. ಆಗುತ್ತದೆ, ಹಿಡಿ ಅಂಗಿಯಿಂದ ಕೆಳಗೆ ಇಣುಕುತ್ತದೆ. ಹಣ್ಣಿನಂಗಡಿಯವರು ಎರಡು ಕಿತ್ತಳೆಯ ಸಂದಿಗೆ ಇನ್ನೊಂದನ್ನು ಕೂರಿಸುವ ಹಾಗೆ, ತೋಟಾಗಳನ್ನು ಎಡಕ್ಕೊಂದು ಬಲಕ್ಕೊಂದು ಸರಿಸಿ ಕೂರಿಸಬಹುದು. ಎರಡು ಸಾಲುಗಳ ನಡುಬಿಂದುಗಳ ಅಂತರ 8 ಮಿ.ಮೀ. ಇರಲಿ. ಪಕ್ಕದ ತೋಟಾಗಳ ಕೇಂದ್ರಗಳ ನಡುವೆ ಹೇಗೂ 10 ಮಿ.ಮೀ. ಇದೆ. ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಪ್ರತಿ ತೋಟಾಗೆ ಬೇಕಾದ ಎತ್ತರ 6 ಮಿ.ಮೀ. ಮಾತ್ರ. ಹತ್ತು ತೋಟಾ 64 ಮಿ.ಮೀ.ನಲ್ಲಿ ಮುಗಿಯುತ್ತದೆ. ಬದಲಿಗೆ ಅಗಲ 10ರಿಂದ 18 ಮಿ.ಮೀ.ಗೆ ಹಿಗ್ಗುತ್ತದೆ. ಎತ್ತರದಲ್ಲಿ ಉಳಿಸಿದ್ದನ್ನು ಅಗಲದಲ್ಲಿ ತೆರಬೇಕು.

ಈ ಜ್ಯಾಮಿತಿ ಹೊಸದಲ್ಲ. ಬ್ರೌನಿಂಗ್ ಬಿಟ್ಟುಹೋದ ಕೆಲಸವನ್ನು ದ್ಯೂದೊನೆ ಸೇವ್ ಎಂಬ ವಿನ್ಯಾಸಕಾರ ಮುಗಿಸಿ 1935ರಲ್ಲಿ ತಂದ ಹೈ ಪವರ್ ಪಿಸ್ತೂಲಿನಲ್ಲಿ ಹೀಗೆ 13 ತೋಟಾ ಹಿಡಿಯುತ್ತಿದ್ದವು. ಚಿಕ್ಕ ಪಿಸ್ತೂಲಿಗೆ ಅದನ್ನು ತಂದವರ ಕೆಲಸ ಮಿಲಿಮೀಟರ್‌ಗಳ ಜಿಪುಣತನದ್ದು. 2015ರ ಗ್ಲಾಕ್ 43ರ ಒಂಟಿಸಾಲಿನ ಮ್ಯಾಗಜಿನ್ನಿನಲ್ಲಿ ಆರೇ ತೋಟಾ ಇದ್ದವು. 2018ರಲ್ಲಿ ಬಂದ ಪಿ365 ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಹತ್ತು ಹಿಡಿಸಿತು. ಮ್ಯಾಗಜಿನ್ನಿನ ಗೋಡೆಯನ್ನು ತೆಳು ಉಕ್ಕಿನಿಂದ ಮಾಡಿ, ತೋಟಾಗಳು ಮೇಲೇರುತ್ತ ಎರಡು ಸಾಲಿನಿಂದ ಒಂದಕ್ಕೆ ಕೂಡುವಂತೆ ಅದನ್ನು ರೂಪಿಸಿದ್ದರು. ಮಾರುಕಟ್ಟೆಯ ಉಳಿದ ಕಂಪನಿಗಳೂ ಅದೇ ದಾರಿ ಹಿಡಿಯಬೇಕಾಯಿತು.

ಪಿಸ್ತೂಲುಗಳು ಹೀಗೆ ಕುಗ್ಗಿದ್ದರಲ್ಲಿ, ಇದಕ್ಕೂ ಮೊದಲೇ, ಕಾನೂನಿನ ಪಾತ್ರವೂ ಇತ್ತು. 1994ರಿಂದ 2004ರವರೆಗೆ ಅಮೆರಿಕದ ಒಕ್ಕೂಟ ಕಾಯ್ದೆಯೊಂದು ಹೊಸ ಮ್ಯಾಗಜಿನ್‌ಗಳಿಗೆ ಹತ್ತು ತೋಟಾಗಳ ಮಿತಿ ಹಾಕಿತ್ತು. ಹತ್ತೇ ತೋಟಾ ಎಂದ ಮೇಲೆ ದೊಡ್ಡ ಹಿಡಿ ಏಕೆ ಎಂದು ಕಂಪನಿಗಳು ಪಿಸ್ತೂಲನ್ನು ಕುಗ್ಗಿಸಿದವು. ಮಾರಕತೆ ತಗ್ಗಿಸಲು ತಂದ ಮಿತಿ ಮರೆಮಾಡಲು ಸುಲಭವಾದ ಪಿಸ್ತೂಲುಗಳಿಗೆ ಇಂಬು ಕೊಟ್ಟಿತು.

ಬಚ್ಚಿಡುವುದು, ಗುರಿ ಇಡುವುದು

ಮರೆಮಾಡುವ ವಿಷಯದಲ್ಲಿ ಹೊಸಬರು ನೋಡುವುದು ನಳಿಗೆಯ ಉದ್ದ. ಅಂಗಿಯ ಮೇಲೆ ಗುರುತು ಮೂಡಿಸುವುದು ಹಿಡಿಯ ಉದ್ದ. ನಳಿಗೆ ಸೊಂಟಪಟ್ಟಿಯ ಒಳಗೆ ದೇಹಕ್ಕೆ ಸಮಾನಾಂತರವಾಗಿ ಇಳಿದಿರುತ್ತದೆ. ಪಟ್ಟಿಯ ಮೇಲೆ ಹೊರಚಾಚುವುದು ಹಿಡಿ. ನಳಿಗೆ ತುಸು ಉದ್ದವಿದ್ದರೆ ಅದರ ತುದಿ ತೊಡೆಸಂದಿಗೆ ಒತ್ತಿಕೊಂಡು ಸನ್ನೆಯ ಹಾಗೆ ಹಿಡಿಯನ್ನು ಹೊಟ್ಟೆಯ ಕಡೆಗೇ ತಳ್ಳುತ್ತದೆ. ಅತಿ ಗಿಡ್ಡ ಪಿಸ್ತೂಲು ಕೆಲವೊಮ್ಮೆ ಹೊರಕ್ಕೆ ವಾಲಿ ಹೆಚ್ಚು ಎದ್ದುಕಾಣುವುದು ಈ ಕಾರಣಕ್ಕೆ.

ಗುರಿಯ ಲೆಕ್ಕವಂತೂ ನೇರ ಅನುಪಾತ. ಹಿಂದಿನ ಮತ್ತು ಮುಂದಿನ ಗುರಿಗೂಟಗಳ ನಡುವೆ 15 ಸೆಂ.ಮೀ. ಇದ್ದು, ಅವುಗಳ ಜೋಡಣೆ ಒಂದು ಮಿಲಿಮೀಟರ್ ತಪ್ಪಿದರೆ ಏಳು ಮೀಟರ್ ದೂರದಲ್ಲಿ ಗುಂಡು ಸುಮಾರು 47 ಮಿ.ಮೀ. ಆಚೀಚೆ ಬೀಳುತ್ತದೆ. ಅಂತರ 11 ಸೆಂ.ಮೀ. ಆದರೆ ಅದೇ ತಪ್ಪು 64 ಮಿ.ಮೀ. ಆಗುತ್ತದೆ. ಪಿಸ್ತೂಲಿನ ನಳಿಗೆ ನಿಖರವಾಗಿಯೇ ಇರುತ್ತದೆ. ಚಿಕ್ಕ ಪಿಸ್ತೂಲು ಕೈಯ ನಡುಕವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಜನರಿರುವ ಬೀದಿಯಲ್ಲಿ ತಪ್ಪಿದ ಗುಂಡು ಎಲ್ಲಾದರೂ ಹೋಗಿ ತಗಲುತ್ತದೆ ಎಂಬುದನ್ನು ನೆನಪಿಟ್ಟರೆ ಈ ಮಿಲಿಮೀಟರ್‌ಗಳ ಅರ್ಥ ತಿಳಿಯುತ್ತದೆ.

ಬಿದ್ದರೆ ಏನಾಗುತ್ತದೆ

ದಿನವೂ ಒಯ್ಯುವ ವಸ್ತು ಒಂದಲ್ಲ ಒಂದು ದಿನ ಬೀಳುತ್ತದೆ. ಪಿಸ್ತೂಲು ನೆಲಕ್ಕೆ ಬಡಿದು ತಟ್ಟನೆ ನಿಂತಾಗ ಒಳಗಿನ ಸೂಜಿ ಜಡತ್ವದಿಂದ ಚಲಿಸಲು ನೋಡುತ್ತದೆ. ತೋಟಾದ ಕೇಪಿಗೆ ಸೂಜಿ ತಾಕಿದರೆ ಗುಂಡು ಹಾರುತ್ತದೆ. ಟ್ರಿಗರ್ ಒತ್ತುವವರೆಗೆ ಸೂಜಿಗೆ ಅಡ್ಡ ನಿಲ್ಲುವ ತಡೆ ಆಧುನಿಕ ಪಿಸ್ತೂಲುಗಳಲ್ಲಿ ಇರುವುದು ಇದನ್ನು ತಪ್ಪಿಸಲು.

ಆದರೆ ಟ್ರಿಗರಿಗೂ ತೂಕವಿದೆ. 2017ರಲ್ಲಿ ಸಿಗ್ ಸೌವರ್‌ನ ಪಿ320 ಎಂಬ ದೊಡ್ಡ ಪಿಸ್ತೂಲು ಹಿಂಬದಿಯ ಮೇಲೆ ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದಾಗ ಗುಂಡು ಹಾರುವುದು ಪರೀಕ್ಷೆಗಳಲ್ಲಿ ಕಂಡಿತು. ಬಿದ್ದ ರಭಸಕ್ಕೆ ಟ್ರಿಗರ್ ತನ್ನದೇ ಜಡತ್ವದಿಂದ ಹಿಂದೆ ಸರಿಯುತ್ತಿತ್ತು. ಒಳಗಿನ ತಡೆಗಳಿಗೆ ಅದು ಬೆರಳಿನ ಒತ್ತುವಿಕೆಯೇ. ಆ ವರ್ಷದ ಆಗಸ್ಟ್‌ನಲ್ಲಿ ಕಂಪನಿ ಗ್ರಾಹಕರಿಗೆ ಸುಧಾರಣೆ ಪ್ರಕಟಿಸಿತು. ಅದರ ಭಾಗವಾಗಿ ಬಂದದ್ದು ಹಗುರವಾದ ಟ್ರಿಗರ್. ಕೆಲವೇ ಗ್ರಾಂ ಇಳಿಸುವುದು ಇಲ್ಲಿ ಮಾತ್ರ ನಿಜವಾದ ಲಾಭವಾಯಿತು.

ಬೀಳದೆಯೂ ಅಪಾಯವಿದೆ. ಹೋಲ್‌ಸ್ಟರ್ ಎಂಬ ಒರೆ ಇಲ್ಲದೆ ಜೇಬಿಗೆ ಇಳಿಸಿದ ಪಿಸ್ತೂಲಿನ ಟ್ರಿಗರಿಗೆ ಬೀಗದ ಕೈ ಸಿಕ್ಕಿದರೂ ಸಾಕು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರಿನ ತೂಕ, ದಪ್ಪ ಸೇರಿಸಿಯೇ ಪಿಸ್ತೂಲಿನ ಗಾತ್ರ ಲೆಕ್ಕಹಾಕಬೇಕು. ಕಂಪನಿಯ ವಿವರಪಟ್ಟಿಯಲ್ಲಿ ಅಚ್ಚಾದ 270 ಗ್ರಾಂ ಅರ್ಧಸತ್ಯ.

ವರ್ಷಗಳ ಲೆಕ್ಕ

ಇಲ್ಲಿಯವರೆಗೆ ನೋಡಿದ್ದು ಒಂದು ಗುಂಡಿನ ಮಿಲಿಸೆಕೆಂಡುಗಳು, ಒಂದು ದಿನದ ಓಡಾಟ. ಪಿಸ್ತೂಲು ಮನೆಯಲ್ಲಿ ಇರುವುದು ಹತ್ತಾರು ವರ್ಷ. ಆ ಅಳತೆಯಲ್ಲಿ ಏನಾಗುತ್ತದೆ ಎಂಬುದನ್ನು ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಟಡರ್ಟ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರ ದಾಖಲೆಗಳಲ್ಲಿ ಹುಡುಕಿದರು. 2020ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಗುಂಡು ಹಾರಿಸಿಕೊಂಡು ಸಾಯುವ ಪ್ರಮಾಣ ಕೈಬಂದೂಕು ಇಲ್ಲದ ಗಂಡಸರಿಗಿಂತ ಇದ್ದವರಲ್ಲಿ ಸುಮಾರು 8 ಪಟ್ಟು, ಹೆಂಗಸರಲ್ಲಿ 35 ಪಟ್ಟು ಹೆಚ್ಚಿತ್ತು. ಬೇರೆ ವಿಧಾನಗಳ ಆತ್ಮಹತ್ಯೆ ಅವರಲ್ಲಿ ಹೆಚ್ಚಿರಲಿಲ್ಲ. ಅದೇ ತಂಡ 2022ರಲ್ಲಿ, ಬಂದೂಕುದಾರರ ಜೊತೆ ಒಂದೇ ಮನೆಯಲ್ಲಿ ವಾಸಿಸುವ ಬಂದೂಕಿಲ್ಲದವರು ಕೊಲೆಯಾಗುವ ಪ್ರಮಾಣ ಉಳಿದವರ ಎರಡು ಪಟ್ಟಿಗೂ ಹೆಚ್ಚು ಎಂದು ವರದಿ ಮಾಡಿತು. ಹೊರಗಿನ ಅಪರಿಚಿತರಿಗೆ ಹೆದರಿ ಕೊಂಡ ಸಾಧನ ಒಳಗಿನವರಿಗೇ ಹತ್ತಿರವಿರುತ್ತದೆ. ಮನಸ್ಸು ಕುಸಿದ ಗಳಿಗೆ ಅನೇಕರಲ್ಲಿ ಬೇಗ ದಾಟಿಹೋಗುವಂಥದ್ದು. ಕೈಗೆಟಕುವ ಪಿಸ್ತೂಲು ಅದು ದಾಟುವವರೆಗೆ ಕಾಯುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ಲೆಕ್ಕವೂ ಇದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ನೆರೆಯವರು ಒಯ್ಯುತ್ತಾರೆ ಎಂಬುದು ತಮಗೂ ಒಪ್ಪಿಗೆ ಎಂದಾಗುವುದಿಲ್ಲ.

ಹಾಗಾಗಿ ಆಯ್ಕೆಯ ಕ್ರಮ ಅಂಗಡಿಯ ಕ್ರಮಕ್ಕೆ ತದ್ವಿರುದ್ಧವಾಗಿರಬೇಕು. ಮೊದಲು ವರ್ಷಗಳ ಲೆಕ್ಕ: ಮನೆಯಲ್ಲಿ ಮಕ್ಕಳು, ಖಿನ್ನತೆ, ಕುಡಿತ, ಜಗಳ ಏನಿವೆ, ಬೀಗದ ಪೆಟ್ಟಿಗೆ ಎಲ್ಲಿ, ಪಿಸ್ತೂಲು ನಿಜಕ್ಕೂ ಬೇಕೇ. ಬೇಕೆಂದೇ ತೀರ್ಮಾನವಾದರೆ ದಿನದ ಲೆಕ್ಕ: ಹೋಲ್‌ಸ್ಟರ್ ಸಹಿತ ಒಯ್ಯಲಾಗುವ ಅತಿ ದೊಡ್ಡ ಪಿಸ್ತೂಲು ಯಾವುದು. ಕೊನೆಗೆ ಮಿಲಿಸೆಕೆಂಡಿನ ಲೆಕ್ಕ: ಅದರ ಸ್ಲೈಡ್ ಎಳೆಯಲಾಗುತ್ತದೆಯೇ, ಐವತ್ತು ಗುಂಡು ಹಾರಿಸಿದ ಮೇಲೂ ಮತ್ತೆ ಅಭ್ಯಾಸಕ್ಕೆ ಬರುವ ಮನಸ್ಸು ಉಳಿಯುತ್ತದೆಯೇ. ಗ್ರಾಂಗಳ ಪೈಪೋಟಿಯಲ್ಲಿ ಗೆದ್ದ ಪಿಸ್ತೂಲು ಈ ಕೊನೆಯ ಪ್ರಶ್ನೆಯಲ್ಲಿ ಆಗಾಗ ಸೋಲುತ್ತದೆ. ಒಮ್ಮೆ ನೋಯಿಸಿದ್ದನ್ನು ಕೊಂಡವರು ಮತ್ತೆ ಅಭ್ಯಾಸಕ್ಕೆ ಒಯ್ಯುವುದಿಲ್ಲ, ಜೇಬಿನಲ್ಲಿ ಮಾತ್ರ ಒಯ್ಯುತ್ತಾರೆ. ಅಭ್ಯಾಸವಿಲ್ಲದ ಕೈಯಲ್ಲಿ ತುಂಬಿದ ಪಿಸ್ತೂಲು ಇರುವುದು ಮೂರೂ ಲೆಕ್ಕಗಳಲ್ಲಿ ನಷ್ಟವೇ.